ಒಬ್ಬನ ಮಾತಿನ ಮೇಲೆ ನಿಂತಿದ್ದ ದೇಶ

ಅಮೆರಿಕದ ಹಣಕಾಸಿನ ಇತಿಹಾಸವನ್ನು ಓದುವಾಗಲೆಲ್ಲ ಎರಡು ಇಸವಿಗಳು ನನ್ನನ್ನು ತಡೆದು ನಿಲ್ಲಿಸುತ್ತವೆ. 1836ರಲ್ಲಿ ಆ ದೇಶದ ಎರಡನೆಯ ರಾಷ್ಟ್ರೀಯ ಬ್ಯಾಂಕಿನ ಸನ್ನದು ನವೀಕರಣಗೊಳ್ಳದೆ ಮುಗಿದುಹೋಯಿತು. ಅಂಥ ಬ್ಯಾಂಕು ಸಿರಿವಂತರ ಕೂಟವೆಂದು ಬಗೆದಿದ್ದ ಅಧ್ಯಕ್ಷ ಆಂಡ್ರೂ ಜಾಕ್ಸನ್ ಅದನ್ನು ಉಳಿಯಗೊಡಲಿಲ್ಲ. ಮತ್ತೊಂದು ಕೇಂದ್ರ ಬ್ಯಾಂಕಿಗೆ ಕಾನೂನಿನ ರೂಪ ದೊರೆತದ್ದು 1913ರ ಡಿಸೆಂಬರಿನಲ್ಲಿ. ನಡುವಿನ 77 ವರ್ಷಗಳ ಕಾಲ, ಸಂಕಟ ಬಂದಾಗ ಕಟ್ಟಕಡೆಗೆ ಸಾಲ ನೀಡಬಲ್ಲ ಸಂಸ್ಥೆಯೊಂದು ಆ ದೇಶಕ್ಕೆ ಇರಲಿಲ್ಲ. ಜಾನ್ ಪಿಯರ್‌ಪಾಂಟ್ ಮಾರ್ಗನ್ ಹುಟ್ಟಿದ್ದು 1837ರ ಏಪ್ರಿಲ್ 17ರಂದು. ತೀರಿಕೊಂಡದ್ದು 1913ರ ಮಾರ್ಚ್ 31ರಂದು. ಒಂದು ದೇಶದ ಖಾಲಿ ಕುರ್ಚಿಯ ಅವಧಿಯೂ ಒಬ್ಬ ಮನುಷ್ಯನ ಆಯುಷ್ಯವೂ ಇಷ್ಟು ಸರಿಯಾಗಿ ಹೊಂದಿಕೊಂಡ ನಿದರ್ಶನ ಅಪರೂಪ.

ಬ್ಯಾಂಕೊಂದರಲ್ಲಿ ಮೂರು ದಶಕಗಳ ಕಾಲ ದುಡಿದು ನಿವೃತ್ತನಾದವನು ನಾನು. ನಮ್ಮದು ಠೇವಣಿ ಸಂಗ್ರಹಿಸಿ ಸಾಲ ಕೊಡುವ ಸಾಧಾರಣ ಕಸುಬು. ಮಾರ್ಗನ್ ನಡೆಸಿದ್ದು ಬೇರೆ ಬಗೆಯದು. ಇಂದು ಅದನ್ನು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಎನ್ನುತ್ತೇವೆ. ಒಂದು ಕಡೆ ಕೋಟ್ಯಂತರ ಡಾಲರ್ ಬಂಡವಾಳ ಬೇಕಾದ ರೈಲ್ವೆ, ಕಾರ್ಖಾನೆ ಅಥವಾ ಸರ್ಕಾರ. ಇನ್ನೊಂದು ಕಡೆ ಹಣವಿದ್ದೂ ಎಲ್ಲಿ ತೊಡಗಿಸಬೇಕೆಂದು ತಿಳಿಯದ ಹೂಡಿಕೆದಾರ. ಈ ಇಬ್ಬರ ನಡುವೆ ನಿಂತು ಬಾಂಡುಗಳನ್ನೂ ಷೇರುಗಳನ್ನೂ ಸಗಟಾಗಿ ಕೊಂಡು ಹಂಚಿ ಮಾರುವವನು ಇನ್ವೆಸ್ಟ್‌ಮೆಂಟ್ ಬ್ಯಾಂಕರ್. ಅವನ ನಿಜವಾದ ಸರಕು ಅವನ ಹೆಸರು. ಅವನು ಸಹಿ ಹಾಕಿದ ಕಾಗದ ಸುಳ್ಳಾಗದು ಎಂಬ ನಂಬಿಕೆ ಇರುವವರೆಗೆ ಮಾತ್ರ ವ್ಯಾಪಾರ. ಆ ನಂಬಿಕೆಯನ್ನು ಮಾರ್ಗನ್ ಎಷ್ಟು ಎತ್ತರಕ್ಕೆ ಬೆಳೆಸಿದನೆಂದರೆ, ಒಂದು ಹಂತದಲ್ಲಿ ದೇಶವೇ ಅದರ ಮೇಲೆ ನಿಲ್ಲಬೇಕಾಯಿತು. ಅದು ಹೆಮ್ಮೆಪಡಬೇಕಾದ ಸಂಗತಿಯೋ ಅಂಜಬೇಕಾದ ಸಂಗತಿಯೋ ಎಂಬ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಬಡತನದಿಂದ ಮೇಲೆ ಬಂದವರ ಸಾಲಿಗೆ ಮಾರ್ಗನ್ ಸೇರುವುದಿಲ್ಲ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಅನುಕೂಲಸ್ಥ ಮನೆತನದಲ್ಲಿ ಅವನ ಜನನ. ತಂದೆ ಜೂನಿಯಸ್ ಸ್ಪೆನ್ಸರ್ ಮಾರ್ಗನ್ ವರ್ತಕ; 1854ರಲ್ಲಿ ಲಂಡನ್ನಿಗೆ ತೆರಳಿ ಅಲ್ಲಿನ ಅಮೆರಿಕನ್ ಬ್ಯಾಂಕರ್ ಜಾರ್ಜ್ ಪೀಬಡಿಯ ಪಾಲುದಾರನಾದ. ಬ್ರಿಟನ್ನಿನ ಉಳಿತಾಯವನ್ನು ಅಮೆರಿಕದ ರೈಲು ಮಾರ್ಗಗಳಿಗೆ ಹರಿಸುವುದು ಆ ಸಂಸ್ಥೆಯ ಉದ್ಯೋಗ. ಮಗ ಬಾಲ್ಯದಲ್ಲಿ ರೋಗಿಷ್ಠ. ಬಾಸ್ಟನ್ನಿನಲ್ಲಿ ಶಾಲೆ, ಬಳಿಕ ಸ್ವಿಟ್ಜರ್‌ಲೆಂಡಿನ ವೆವೆಯಲ್ಲಿ ಹಾಗೂ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ. ಗಣಿತದಲ್ಲಿ ಅವನಿಗಿದ್ದ ಗತಿ ಕಂಡ ಅಲ್ಲಿನ ಪ್ರಾಧ್ಯಾಪಕರು ವಿಶ್ವವಿದ್ಯಾಲಯದಲ್ಲೇ ಉಳಿಯುವಂತೆ ಹೇಳಿದ್ದರಂತೆ. ತಂದೆಯ ಇಚ್ಛೆ ಬೇರೆಯಿತ್ತು. 1857ರಲ್ಲಿ, 20ನೆಯ ವಯಸ್ಸಿನಲ್ಲಿ, ಮಗ ನ್ಯೂಯಾರ್ಕಿನ ಡಂಕನ್ ಶೆರ್ಮನ್ ಸಂಸ್ಥೆಯನ್ನು ಸಂಬಳವಿಲ್ಲದ ಗುಮಾಸ್ತನಾಗಿ ಸೇರಿಕೊಂಡ.

ಅದೇ ವರ್ಷ ಅಮೆರಿಕದಲ್ಲಿ ಹಣಕಾಸಿನ ಭೀತಿ ಹಬ್ಬಿತು. ಅದರ ಹೊಡೆತಕ್ಕೆ ಲಂಡನ್ನಿನ ಪೀಬಡಿ ಸಂಸ್ಥೆಯೂ ಮುಳುಗುವ ಹಂತ ತಲುಪಿತು. ಬ್ಯಾಂಕ್ ಆಫ್ ಇಂಗ್ಲೆಂಡ್ 8 ಲಕ್ಷ ಪೌಂಡುಗಳ ಸಾಲ ಮಂಜೂರು ಮಾಡಿದ್ದರಿಂದ ಅದು ಉಳಿಯಿತು. ಅಂದರೆ ತನ್ನ ಮನೆತನದ ಮಾನವನ್ನು ಕಾಪಾಡಿದ್ದು ಒಂದು ಕೇಂದ್ರ ಬ್ಯಾಂಕು ಎಂಬುದನ್ನು ಮಾರ್ಗನ್ ವೃತ್ತಿಯ ಮೊದಲ ವರ್ಷದಲ್ಲೇ ಕಂಡಿದ್ದ. ಅಟ್ಲಾಂಟಿಕ್ ಸಾಗರದ ಈಚೆಗೆ, ತನ್ನ ದೇಶದಲ್ಲಿ, ಅಂಥ ಆಸರೆ ಇಲ್ಲವೆಂಬುದನ್ನೂ ಕಂಡಿದ್ದ. ಮುಂದಿನ ಐವತ್ತು ವರ್ಷಗಳ ಅವನ ನಡೆಯನ್ನು ಅರ್ಥಮಾಡಿಕೊಳ್ಳಲು ಈ ಘಟನೆ ಕೀಲಿಕೈ ಎಂದು ನನಗೆ ತೋರುತ್ತದೆ.

ಯೌವನದ ದಿನಗಳಲ್ಲಿ ಅವನ ಎರಡು ಮುಖಗಳು ಕಾಣಿಸುತ್ತವೆ. 1861ರ ಅಕ್ಟೋಬರಿನಲ್ಲಿ ಅಮೀಲಿಯಾ ಸ್ಟರ್ಜಿಸ್ ಎಂಬ ತರುಣಿಯನ್ನು ಅವನು ಪ್ಯಾರಿಸ್ಸಿನಲ್ಲಿ ಮದುವೆಯಾದ. ಆಕೆಗೆ ಕ್ಷಯರೋಗವಿದೆಯೆಂದು ತಿಳಿದೇ, ವ್ಯವಹಾರವನ್ನೆಲ್ಲ ಬದಿಗಿಟ್ಟು ಕೈಹಿಡಿದಿದ್ದ. ನಾಲ್ಕೇ ತಿಂಗಳಲ್ಲಿ ಆಕೆ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡಳು. 1865ರಲ್ಲಿ ಫ್ರಾನ್ಸಿಸ್ ಟ್ರೇಸಿಯನ್ನು ಮದುವೆಯಾಗಿ ನಾಲ್ವರು ಮಕ್ಕಳ ತಂದೆಯಾದರೂ, ಆ ಮೊದಲ ನಷ್ಟದ ನೆರಳು ಅವನನ್ನು ಬಿಡಲಿಲ್ಲವೆಂದು ಚರಿತ್ರಕಾರರು ಬರೆಯುತ್ತಾರೆ. ಇನ್ನೊಂದು ಮುಖ ಅಂತರ್ಯುದ್ಧದ ಕಾಲದ್ದು. 300 ಡಾಲರ್ ತೆತ್ತು ತನ್ನ ಬದಲಿಗೆ ಇನ್ನೊಬ್ಬನನ್ನು ಸೈನ್ಯಕ್ಕೆ ಕಳುಹಿಸಿದ. ಅದು ಅಂದಿನ ಕಾನೂನು ಒಪ್ಪಿದ್ದ ದಾರಿ. 1861ರಲ್ಲಿ ಸರ್ಕಾರ ತಲಾ ಮೂರೂವರೆ ಡಾಲರಿಗೆ ಮಾರಿದ್ದ 5,000 ಹಳೆಯ ಬಂದೂಕುಗಳು ದಲ್ಲಾಳಿಗಳ ಕೈದಾಟಿ ತಲಾ 22 ಡಾಲರಿಗೆ ಅದೇ ಸರ್ಕಾರದ ಸೇನೆಗೆ ಮರಳಿ ಬಂದವು. ಆ ವ್ಯವಹಾರಕ್ಕೆ 20,000 ಡಾಲರ್ ಸಾಲ ಕೊಟ್ಟವನು ಮಾರ್ಗನ್. ಅವನು ಕೇವಲ ಸಾಲಗಾರರಿಗೆ ಹಣ ಒದಗಿಸಿದವನೋ, ಎಲ್ಲ ಬಲ್ಲವನೋ ಎಂಬ ಚರ್ಚೆ ಅವನ ಜೀವಮಾನವಿಡೀ ನಡೆಯಿತು.

1871ರಲ್ಲಿ ಫಿಲಡೆಲ್ಫಿಯಾದ ಆಂಟನಿ ಡ್ರೆಕ್ಸೆಲ್ ಜೊತೆ ಪಾಲುದಾರಿಕೆ ಕುದುರಿತು. 1873ರಿಂದ ಸಂಸ್ಥೆಯ ವಿಳಾಸ ನ್ಯೂಯಾರ್ಕಿನ 23, ವಾಲ್ ಸ್ಟ್ರೀಟ್. ಅಮೆರಿಕದ ಅಂದಿನ ಅತಿ ದೊಡ್ಡ ಉದ್ಯಮ ರೈಲ್ವೆ. ಒಂದೇ ಊರಿಗೆ ಮೂರು ಕಂಪನಿಗಳು ಹಳಿ ಹಾಕುವುದು, ದರ ಇಳಿಸಿ ಕಾದಾಡುವುದು, ದಿವಾಳಿಯಾಗುವುದು ಸಾಮಾನ್ಯವಾಗಿತ್ತು. ನಷ್ಟ ಉಣ್ಣುತ್ತಿದ್ದವರು ಮಾರ್ಗನ್ ಮನೆತನದ ಮಾತು ನಂಬಿ ಬಾಂಡು ಕೊಂಡಿದ್ದ ಲಂಡನ್ನಿನ ಹೂಡಿಕೆದಾರರು. 1879ರಲ್ಲಿ ವಿಲಿಯಂ ವಾಂಡರ್‌ಬಿಲ್ಟ್‌ನ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಎರಡೂವರೆ ಲಕ್ಷ ಷೇರುಗಳನ್ನು ಮಾರುಕಟ್ಟೆ ಬೆದರದಂತೆ ಗುಟ್ಟಾಗಿ ಮಾರಿಕೊಟ್ಟ ಮಾರ್ಗನ್, ಪ್ರತಿಯಾಗಿ ಆಡಳಿತ ಮಂಡಳಿಯಲ್ಲಿ ಸ್ಥಾನ ಪಡೆದ. 1885ರಲ್ಲಿ ಆ ಕಂಪನಿಯ ಮತ್ತು ಪ್ರತಿಸ್ಪರ್ಧಿ ಪೆನ್ಸಿಲ್ವೇನಿಯಾ ರೈಲ್ವೆಯ ಮುಖ್ಯಸ್ಥರನ್ನು ತನ್ನ ಕೋರ್ಸೇರ್ ಎಂಬ ವಿಹಾರ ನೌಕೆಗೆ ಕರೆದ. ನೌಕೆ ಹಡ್ಸನ್ ನದಿಯಲ್ಲಿ ಮೇಲಕ್ಕೂ ಕೆಳಕ್ಕೂ ಸಂಚರಿಸಿತು. ರಾಜಿಯಾಗುವವರೆಗೆ ಯಾರೂ ಇಳಿಯಲಿಲ್ಲ. ಬಾಗಿಲು ಮುಚ್ಚಿ ಒಪ್ಪಂದ ಮಾಡಿಸುವ ಈ ವಿದ್ಯೆ ಮುಂದೆ ಮತ್ತೊಮ್ಮೆ ಉಪಯೋಗಕ್ಕೆ ಬರಲಿತ್ತು. 1893ರ ಕುಸಿತದಲ್ಲಿ ದಿವಾಳಿಯೆದ್ದ ರೈಲ್ವೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಸಾಲ ಕಡಿತಗೊಳಿಸಿ, ತನ್ನವರನ್ನು ಮೇಲೆ ಕೂರಿಸಿ ಪುನಾರಚಿಸಿದ. ಈ ಕ್ರಮಕ್ಕೆ ಅವನ ಹೆಸರೇ ಅಂಟಿಕೊಂಡಿತು.

ಅದೇ ಕುಸಿತ ಸರ್ಕಾರದ ಚಿನ್ನದ ಭಂಡಾರವನ್ನೂ ಬರಿದು ಮಾಡುತ್ತಿತ್ತು. ಡಾಲರಿಗೆ ಬದಲಾಗಿ ಚಿನ್ನ ಕೊಡುವ ವಾಗ್ದಾನವಿದ್ದ ಕಾಲ ಅದು. 10 ಕೋಟಿ ಡಾಲರ್ ಮೌಲ್ಯದ ಚಿನ್ನವಿರಬೇಕಾದ ಬೊಕ್ಕಸ 1895ರ ಆರಂಭದಲ್ಲಿ ದಿನೇ ದಿನೇ ಕರಗುತ್ತಿತ್ತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಮನಸ್ಸಿಲ್ಲದ ಮನಸ್ಸಿನಿಂದ ಮಾರ್ಗನ್‌ನ ಮಾತು ಕೇಳಬೇಕಾಯಿತು. ರಾಥ್‌ಚೈಲ್ಡ್ ಮನೆತನದ ಪ್ರತಿನಿಧಿ ಆಗಸ್ಟ್ ಬೆಲ್‌ಮಾಂಟ್ ಜೊತೆ ಸೇರಿ 35 ಲಕ್ಷ ಔನ್ಸ್ ಚಿನ್ನ ಒದಗಿಸಲು ಅವನು ಒಪ್ಪಿದ. ಅರ್ಧದಷ್ಟು ಯುರೋಪಿನಿಂದ ಬರಬೇಕೆಂಬ ಷರತ್ತೂ ಇತ್ತು. ಭಂಡಾರ ಚೇತರಿಸಿಕೊಂಡಿತು. ಆದರೆ ಸರ್ಕಾರದಿಂದ ನೂರ ನಾಲ್ಕೂವರೆಗೆ ಕೊಂಡ ಬಾಂಡುಗಳನ್ನು ಈ ಕೂಟ ನೂರ ಹನ್ನೆರಡು ಕಾಲಕ್ಕೆ ಮಾರಿತೆಂಬುದು ಹೊರಬಿದ್ದಾಗ, ಪಶ್ಚಿಮದ ಹಾಗೂ ದಕ್ಷಿಣದ ಸಾಲದ ಹೊರೆಯ ರೈತರು ಕೆರಳಿದರು. ದೇಶ ಉಳಿಯಿತು, ಉಳಿಸಿದವನಿಗೆ ಲಾಭವೂ ಆಯಿತು. ಈ ಎರಡು ಮಾತುಗಳನ್ನು ಬಿಡಿಸಿ ನೋಡುವುದು ಮಾರ್ಗನ್ ಬದುಕಿನಲ್ಲಿ ಎಲ್ಲಿಯೂ ಸುಲಭವಲ್ಲ.

ಹೊಸ ಉದ್ಯಮಗಳನ್ನು ಗುರುತಿಸುವಲ್ಲಿಯೂ ಅವನ ದೃಷ್ಟಿ ಚುರುಕು. 1882ರ ಸೆಪ್ಟೆಂಬರಿನಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಮೊದಲ ವಿದ್ಯುತ್ ಕೇಂದ್ರವನ್ನು ಚಾಲೂ ಮಾಡಿದಾಗ ದೀಪಗಳು ಬೆಳಗಿದ್ದು ಮಾರ್ಗನ್ ಕಚೇರಿಯಲ್ಲಿ. ಹತ್ತು ವರ್ಷಗಳ ಬಳಿಕ ಎಡಿಸನ್ ಕಂಪನಿಯನ್ನು ಎದುರಾಳಿ ಕಂಪನಿಯೊಡನೆ ಕೂಡಿಸಿ ಜನರಲ್ ಎಲೆಕ್ಟ್ರಿಕ್ ಸ್ಥಾಪಿಸಿದಾಗ ಎಡಿಸನ್ ಹೆಸರೇ ಉಳಿಯಲಿಲ್ಲ. 1901ರಲ್ಲಿ ಆಂಡ್ರೂ ಕಾರ್ನೆಗಿಯ ಉಕ್ಕಿನ ಸಾಮ್ರಾಜ್ಯವನ್ನು 48 ಕೋಟಿ ಡಾಲರಿಗೆ ಕೊಂಡ. ಕಾರ್ನೆಗಿ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದು ಕಳುಹಿಸಿದ, ಮಾರ್ಗನ್ ಚೌಕಾಸಿ ಮಾಡದೆ ಒಪ್ಪಿದ. ಹೀಗೆ ಹುಟ್ಟಿದ ಯು.ಎಸ್. ಸ್ಟೀಲ್ ಸಂಸ್ಥೆಯ ಬಂಡವಾಳ 140 ಕೋಟಿ ಡಾಲರ್. ನೂರು ಕೋಟಿ ಡಾಲರ್ ಗಡಿ ದಾಟಿದ ಜಗತ್ತಿನ ಮೊದಲ ಕಂಪನಿ ಅದು. ಅವನ ಕಣ್ಣಿಗೆ ಪೈಪೋಟಿಯೆಂದರೆ ವ್ಯರ್ಥ ವೆಚ್ಚ, ಗೊಂದಲ, ಒಗ್ಗೂಡುವಿಕೆಯೇ ಶಿಸ್ತು. ಆದರೆ 1902ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸರ್ಕಾರ ಅವನ ನಾರ್ದರ್ನ್ ಸೆಕ್ಯುರಿಟೀಸ್ ಎಂಬ ರೈಲ್ವೆ ಕೂಟದ ಮೇಲೆ ಮೊಕದ್ದಮೆ ಹೂಡಿತು. ತಪ್ಪೇನಿದ್ದರೂ ತನ್ನ ವಕೀಲರು ಸರ್ಕಾರದ ವಕೀಲರೊಡನೆ ಕುಳಿತು ಸರಿಪಡಿಸಬಹುದಲ್ಲ ಎಂದು ಮಾರ್ಗನ್ ಶ್ವೇತಭವನಕ್ಕೆ ಹೋಗಿ ಕೇಳಿದ. ದೇಶದ ಅಧ್ಯಕ್ಷನನ್ನು ಅವನು ಸರಿಸಮಾನ ವ್ಯಾಪಾರಿಯೆಂದೇ ಭಾವಿಸಿದ್ದು ರೂಸ್‌ವೆಲ್ಟ್‌ಗೆ ಸೋಜಿಗವೆನಿಸಿತು. 1904ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಆ ಕೂಟವನ್ನು ವಿಸರ್ಜಿಸಿತು.

ಅವನ ಕಥೆಯ ತಿರುಳಿರುವುದು 1907ರಲ್ಲಿ. ಅದನ್ನು ಹೇಳುವ ಮುನ್ನ ಬ್ಯಾಂಕಿನ ಮೇಲೆ ಜನ ಮುಗಿಬೀಳುವುದೆಂದರೇನು ಎಂಬುದನ್ನು ನಾನು ಕಂಡಷ್ಟು ಹೇಳಬೇಕು. ಸೇವೆಯಲ್ಲಿದ್ದಾಗ ಸಣ್ಣ ಪಟ್ಟಣವೊಂದರಲ್ಲಿ ಬೇರೊಂದು ಸಂಸ್ಥೆಯ ಬಗ್ಗೆ ಬೆಳಿಗ್ಗೆ ಎದ್ದ ಗಾಳಿಮಾತು ಮಧ್ಯಾಹ್ನದ ಹೊತ್ತಿಗೆ ನಮ್ಮ ಶಾಖೆಯ ಬಾಗಿಲಿಗೂ ಬಂತು. ಸಾಲಿನಲ್ಲಿ ನಿಂತವರು ಮೂರ್ಖರಲ್ಲ. ಪಕ್ಕದವನು ಹಣ ತೆಗೆದರೆ ತನಗೆ ಉಳಿಯದು ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ಯಾವ ಬ್ಯಾಂಕೂ ಎಲ್ಲರ ಠೇವಣಿಯನ್ನು ಒಂದೇ ದಿನ ಹಿಂದಿರುಗಿಸಲಾರದು. ಹಣ ಸಾಲದ ರೂಪದಲ್ಲಿ ಹೊರಗಿರುತ್ತದೆ. ಜಿಲ್ಲಾ ಕೇಂದ್ರದಿಂದ ಬಂದ ನೋಟಿನ ಕಟ್ಟುಗಳನ್ನು ಜನರಿಗೆ ಕಾಣುವಂತೆ ಮೇಜಿನ ಮೇಲೆ ಜೋಡಿಸಿದಾಗ ಸಾಲು ತಾನಾಗಿಯೇ ಕರಗಿತು. ನಮ್ಮ ಹಿಂದೆ ರಿಸರ್ವ್ ಬ್ಯಾಂಕೆಂಬ ದೊಡ್ಡ ಗೋಡೆಯಿತ್ತು. ನ್ಯೂಯಾರ್ಕಿನ ಬ್ಯಾಂಕುಗಳ ಹಿಂದೆ 1907ರಲ್ಲಿ ಏನೂ ಇರಲಿಲ್ಲ.

ಆ ಅಕ್ಟೋಬರಿನಲ್ಲಿ ತಾಮ್ರದ ಕಂಪನಿಯೊಂದರ ಷೇರುಗಳನ್ನೆಲ್ಲ ಕಬಳಿಸಲು ಹೊರಟ ಜೂಜುಕೋರರು ಸೋತರು. ಅವರೊಡನೆ ನಂಟಿದೆಯೆನ್ನಲಾದ ಸಂಸ್ಥೆಗಳ ಮೇಲೆ ಅನುಮಾನ ಹಬ್ಬಿತು. ಅಕ್ಟೋಬರ್ 22ರಂದು ನಿಕರ್‌ಬಾಕರ್ ಟ್ರಸ್ಟ್ ಕಂಪನಿ ಮೂರು ಗಂಟೆಯೊಳಗೆ ಸುಮಾರು 80 ಲಕ್ಷ ಡಾಲರ್ ಕೊಟ್ಟು ಬಾಗಿಲು ಮುಚ್ಚಿತು. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಚರ್ಚಿನ ಸಮಾವೇಶದಲ್ಲಿದ್ದ ಮಾರ್ಗನ್ ಸುದ್ದಿ ತಿಳಿದು ಆಗಲೇ ಮರಳಿದ್ದ. ವಯಸ್ಸು 70, ಜೋರಾದ ನೆಗಡಿ. ಬೆಂಜಮಿನ್ ಸ್ಟ್ರಾಂಗ್ ಎಂಬ ಯುವ ಬ್ಯಾಂಕರ್ ಸೇರಿದಂತೆ ಕೆಲವರನ್ನು ಸಂಕಟದಲ್ಲಿದ್ದ ಸಂಸ್ಥೆಗಳ ಲೆಕ್ಕಪುಸ್ತಕ ನೋಡಲು ಕಳುಹಿಸಿದ. ಯಾವುದು ಕೊಳೆತಿದೆ, ಯಾವುದು ಗಟ್ಟಿಯಿದ್ದೂ ಹೆದರಿಕೆಗೆ ಸಿಕ್ಕಿದೆ ಎಂದು ವಿಂಗಡಿಸುವುದೇ ಮೊದಲ ಕೆಲಸ. ನಿಕರ್‌ಬಾಕರನ್ನು ಬಿಟ್ಟುಕೊಟ್ಟ, ಟ್ರಸ್ಟ್ ಕಂಪನಿ ಆಫ್ ಅಮೆರಿಕಾವನ್ನು ಉಳಿಸಲು ನಿರ್ಧರಿಸಿದ. ಖಜಾನೆ ಕಾರ್ಯದರ್ಶಿ ಜಾರ್ಜ್ ಕಾರ್ಟೆಲ್ಯು ಸರ್ಕಾರದ ಎರಡೂವರೆ ಕೋಟಿ ಡಾಲರನ್ನು ನ್ಯೂಯಾರ್ಕಿನ ಬ್ಯಾಂಕುಗಳಲ್ಲಿ ಇರಿಸಿದರೂ ಅದನ್ನು ಎತ್ತ ಹರಿಸಬೇಕೆಂಬುದು ಮಾರ್ಗನ್‌ನ ತೀರ್ಮಾನವೇ ಆಗಿತ್ತು. ಗುರುವಾರ, ಅಕ್ಟೋಬರ್ 24ರಂದು, ಷೇರು ವಿನಿಮಯ ಕೇಂದ್ರವನ್ನು ಅವಧಿಗೆ ಮುನ್ನ ಮುಚ್ಚಬೇಕಾಗುತ್ತದೆಂದು ಅದರ ಅಧ್ಯಕ್ಷ ಓಡಿಬಂದ. ಮುಚ್ಚಕೂಡದೆಂದ ಮಾರ್ಗನ್, ಬ್ಯಾಂಕ್ ಮುಖ್ಯಸ್ಥರನ್ನು ಕರೆಸಿ ಕೆಲವೇ ನಿಮಿಷಗಳಲ್ಲಿ 2 ಕೋಟಿ ಡಾಲರಿಗೂ ಹೆಚ್ಚು ಸಾಲದ ಹಣ ಎತ್ತಿದ. ಮುಂದಿನ ವಾರ ನ್ಯೂಯಾರ್ಕ್ ನಗರಾಡಳಿತವೇ ಸಂಬಳ ಕೊಡಲಾಗದೆ ಬಂದಾಗ 3 ಕೋಟಿ ಡಾಲರಿನ ಬಾಂಡುಗಳಿಗೆ ಏರ್ಪಾಡು ಮಾಡಿದ.

ನವೆಂಬರ್ 2, ಶನಿವಾರ ರಾತ್ರಿ. ಮ್ಯಾಡಿಸನ್ ಅವೆನ್ಯೂನಲ್ಲಿ ಹಿಂದಿನ ವರ್ಷವಷ್ಟೇ ಪೂರ್ಣಗೊಂಡಿದ್ದ ಅವನ ಖಾಸಗಿ ಗ್ರಂಥಾಲಯದಲ್ಲಿ ನಗರದ ಬ್ಯಾಂಕರುಗಳೂ ಟ್ರಸ್ಟ್ ಕಂಪನಿಗಳ ಅಧ್ಯಕ್ಷರೂ ಸೇರಿದ್ದರು. ಹಸ್ತಪ್ರತಿಗಳೂ ಹಳೆಯ ಬೈಬಲುಗಳೂ ತುಂಬಿದ ಕೋಣೆಗಳಲ್ಲಿ ಅವರು ವಾದಿಸುತ್ತಿದ್ದರೆ, ಮಾರ್ಗನ್ ತನ್ನ ಕೋಣೆಯಲ್ಲಿ ಒಬ್ಬನೇ ಇಸ್ಪೀಟು ಆಡುತ್ತಿದ್ದ. ನಡುರಾತ್ರಿ ದಾಟಿದ ಮೇಲೆ ಹೊರಡಲೆದ್ದವರಿಗೆ ಬಾಗಿಲಿಗೆ ಬೀಗ ಬಿದ್ದಿರುವುದು ತಿಳಿಯಿತು. ಕೀಲಿ ಯಜಮಾನನ ಜೇಬಿನಲ್ಲಿತ್ತು. ದುರ್ಬಲ ಸಂಸ್ಥೆಗಳಿಗಾಗಿ ಎರಡೂವರೆ ಕೋಟಿ ಡಾಲರಿನ ಸಾಲಪತ್ರಕ್ಕೆ ಟ್ರಸ್ಟ್ ಕಂಪನಿಗಳ ಅಧ್ಯಕ್ಷರು ಸಹಿ ಹಾಕಿದಾಗ ಬೆಳಗಿನ ಜಾವ ಐದರ ಸಮೀಪ. ಭೀತಿಯ ಬೆನ್ನು ಅಲ್ಲಿಗೆ ಮುರಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ವೀರಗಾಥೆ. ಅದೇ ರಾತ್ರಿ ಇನ್ನೊಂದು ವ್ಯವಹಾರವೂ ರೂಪುಗೊಂಡಿತು. ಮೂರ್ ಆಂಡ್ ಶ್ಲೇ ಎಂಬ ದಲ್ಲಾಳಿ ಸಂಸ್ಥೆ ಟೆನ್ನೆಸ್ಸೀ ಕೋಲ್ ಅಂಡ್ ಐರನ್ ಕಂಪನಿಯ ಷೇರುಗಳನ್ನು ಅಡವಿಟ್ಟು ಮುಳುಗುವಂತಿತ್ತು. ಅದನ್ನು ಉಳಿಸುವ ದಾರಿಯೆಂದು ಮಾರ್ಗನ್ ಸೂಚಿಸಿದ್ದು, ಆ ಕಂಪನಿಯನ್ನು ತನ್ನ ಯು.ಎಸ್. ಸ್ಟೀಲ್ ಕೊಂಡುಕೊಳ್ಳುವುದನ್ನು. ಸ್ಪರ್ಧಾ ಕಾನೂನಿನ ತೊಡಕು ಬಾರದಂತೆ ಸೋಮವಾರ ಷೇರುಪೇಟೆ ತೆರೆಯುವ ಮುನ್ನ ರೂಸ್‌ವೆಲ್ಟ್‌ನ ಸಮ್ಮತಿ ಪಡೆಯಲಾಯಿತು. ಅಲಬಾಮಾದ ಅಪಾರ ಕಬ್ಬಿಣದ ಅದಿರು ಹಾಗೂ ಕಲ್ಲಿದ್ದಲು ಸುಮಾರು 4.5 ಕೋಟಿ ಡಾಲರಿಗೆ ಅವನ ಕಂಪನಿಯ ಪಾಲಾಯಿತು. ಬೆಂಕಿ ಆರಿಸಿದವನೇ ಪಕ್ಕದ ಮನೆಯನ್ನು ಅಗ್ಗಕ್ಕೆ ಕೊಂಡಂತಾಯಿತು ಎಂದು ಟೀಕಾಕಾರರು ಬಗೆದರು; ಬೆಂಕಿ ಆರಿದ್ದೂ ನಿಜವೇ. ಮಾರ್ಗನ್ ದುರಾಸೆಯಿಂದ ಹಾಗೆ ಮಾಡಿದನೆಂದು ನನಗೆ ಅನ್ನಿಸುವುದಿಲ್ಲ. ತನ್ನ ಹಿತ ಮತ್ತು ದೇಶದ ಹಿತ ಬೇರೆಯಾಗಿರಬಹುದೆಂಬ ಯೋಚನೆಯೇ ಅವನಿಗೆ ಬರುತ್ತಿರಲಿಲ್ಲ. ಅಪಾಯವಿದ್ದದ್ದು ಅಲ್ಲಿಯೇ. ತೀರ್ಪುಗಾರನೂ ಲಾಭದ ಪಾಲುದಾರನೂ ಒಬ್ಬನೇ ಆದಾಗ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅದನ್ನು ಪರೀಕ್ಷಿಸುವ ಬಗೆ ಉಳಿದವರಿಗಿರುವುದಿಲ್ಲ.

ಈ ಪ್ರಶ್ನೆಯನ್ನೇ 1912ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಪೂಜೋ ಸಮಿತಿ ಎತ್ತಿತು. ವಕೀಲ ಸ್ಯಾಮ್ಯುಯೆಲ್ ಅಂಟರ್‌ಮೈಯರ್ ಎದುರು ಮಾರ್ಗನ್ ಸಾಕ್ಷಿ ನುಡಿದ. ಸಾಲಕ್ಕೆ ಆಧಾರ ಹಣವೋ ಆಸ್ತಿಯೋ ಎಂಬ ಪ್ರಶ್ನೆಗೆ, ಎಲ್ಲಕ್ಕಿಂತ ಮೊದಲು ಮನುಷ್ಯನ ಶೀಲ ಎಂದು ಉತ್ತರಿಸಿದ. ತನಗೆ ಅಧಿಕಾರವಿದೆಯೆಂಬುದನ್ನು ಮಾತ್ರ ಒಪ್ಪಲಿಲ್ಲ. ಸಮಿತಿಯ ಲೆಕ್ಕ ಬೇರೆ ಹೇಳಿತು. ಮಾರ್ಗನ್ ಸಂಸ್ಥೆ ಮತ್ತು ಅದರ ಮಿತ್ರ ಬ್ಯಾಂಕುಗಳ ಪ್ರತಿನಿಧಿಗಳು 112 ಕಂಪನಿಗಳ ಆಡಳಿತ ಮಂಡಳಿಗಳಲ್ಲಿ 341 ಸ್ಥಾನ ಹೊಂದಿದ್ದರು; ಆ ಕಂಪನಿಗಳ ಒಟ್ಟು ಸಂಪನ್ಮೂಲ 2,200 ಕೋಟಿ ಡಾಲರಿಗೂ ಮೀರಿತ್ತು. ಸಾರ್ವಜನಿಕ ವಿಚಾರಣೆ ವೃದ್ಧನನ್ನು ಕುಗ್ಗಿಸಿತು. ವಿಶ್ರಾಂತಿಗೆಂದು ಈಜಿಪ್ಟಿಗೆ ಹೋದವನು ನೈಲ್ ಪ್ರವಾಸದಲ್ಲಿ ಕಾಯಿಲೆ ಬಿದ್ದು, ರೋಮಿನ ಹೋಟೆಲೊಂದರಲ್ಲಿ ಕೊನೆಯುಸಿರೆಳೆದ. ಅಂತ್ಯಕ್ರಿಯೆಯ ದಿನ ಅವನ ಗೌರವಾರ್ಥ ನ್ಯೂಯಾರ್ಕಿನ ಷೇರುಪೇಟೆ ಮಧ್ಯಾಹ್ನದವರೆಗೆ ಮುಚ್ಚಿತ್ತು. ಕಲಾಸಂಗ್ರಹ ಬಿಟ್ಟು ಅವನ ಆಸ್ತಿ ಸುಮಾರು 6.8 ಕೋಟಿ ಡಾಲರ್. ಕಾರ್ನೆಗಿ, ರಾಕ್‌ಫೆಲರರ ಪಕ್ಕದಲ್ಲಿ ಅದು ಸಾಧಾರಣವೇ. ಅವನು ಆಳಿದ್ದು ತನ್ನ ಹಣದಿಂದಲ್ಲ, ಪರರ ಹಣದಿಂದ.

ಅವನು ತೀರಿಕೊಂಡ ಒಂಬತ್ತು ತಿಂಗಳೊಳಗೆ, ಡಿಸೆಂಬರ್ 23ರಂದು, ಅಧ್ಯಕ್ಷ ವುಡ್ರೋ ವಿಲ್ಸನ್ ಫೆಡರಲ್ ರಿಸರ್ವ್ ಕಾಯ್ದೆಗೆ ಸಹಿ ಹಾಕಿದರು. 1907ರಲ್ಲಿ ಒಬ್ಬ ಮುದುಕನ ನಾಡಿಬಡಿತವನ್ನು ನಂಬಿ ದೇಶ ಪಾರಾಗಿತ್ತು. ಮುಂದಿನ ಸಲ ಅವನಿರುವುದಿಲ್ಲ ಎಂಬ ಅರಿವೇ ಆ ಕಾಯ್ದೆಯ ತಾಯಿಬೇರು. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಆದವನು, ಅಂದು ಲೆಕ್ಕಪುಸ್ತಕ ಪರಿಶೀಲಿಸಿದ್ದ ಅದೇ ಬೆಂಜಮಿನ್ ಸ್ಟ್ರಾಂಗ್. 1933ರ ಕಾನೂನು ಠೇವಣಿಯ ಕಸುಬನ್ನೂ ಷೇರು-ಬಾಂಡುಗಳ ಕಸುಬನ್ನೂ ಬೇರ್ಪಡಿಸಿದಾಗ ಮಾರ್ಗನ್ ಮನೆಯೇ ಎರಡಾಗಿ, 1935ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಹುಟ್ಟಿತು. ನಮ್ಮ ರಿಸರ್ವ್ ಬ್ಯಾಂಕು ಆರಂಭವಾದದ್ದೂ ಅದೇ ವರ್ಷ.

ಹಾಗೆಂದು ಕಥೆ ಮುಗಿದಿಲ್ಲ. 2008ರ ಮಾರ್ಚ್‌ನಲ್ಲಿ ಬೇರ್ ಸ್ಟರ್ನ್ಸ್ ಕುಸಿದಾಗ ಫೆಡರಲ್ ರಿಸರ್ವ್‌ನ ನೆರವಿನೊಂದಿಗೆ ಅದನ್ನು ಅಗ್ಗಕ್ಕೆ ಕೊಂಡದ್ದು ಮಾರ್ಗನ್ ಹೆಸರು ಹೊತ್ತ ಜೆ.ಪಿ. ಮಾರ್ಗನ್ ಚೇಸ್. 2023ರಲ್ಲಿ ಫಸ್ಟ್ ರಿಪಬ್ಲಿಕ್ ಬ್ಯಾಂಕ್ ಬಿದ್ದಾಗಲೂ ಕೊಂಡದ್ದು ಅದೇ ಸಂಸ್ಥೆ. ಕೇಂದ್ರ ಬ್ಯಾಂಕು ಬಂದ ಮೇಲೂ ಸಂಕಟದ ರಾತ್ರಿಯಲ್ಲಿ ಕರೆ ಹೋಗುವುದು ಬಲಾಢ್ಯ ಬ್ಯಾಂಕರಿಗೇ; ಉಪಕಾರ ಮತ್ತು ಲಾಭ ಒಟ್ಟಿಗೇ ಬರುವುದೂ ತಪ್ಪಿಲ್ಲ. ಬದಲಾದದ್ದು ಇಷ್ಟು: ಬೆಲೆ ಕಟ್ಟುವಾಗ ಎದುರಿಗೆ ಕಾನೂನಿನ ಅಧಿಕಾರವುಳ್ಳ ಸಂಸ್ಥೆಯೊಂದು ಕುಳಿತಿರುತ್ತದೆ, ಅದು ಶಾಸನಸಭೆಗೆ ಉತ್ತರಿಸಬೇಕಾಗುತ್ತದೆ. ಇದನ್ನು ಸಣ್ಣ ಬದಲಾವಣೆಯೆಂದು ನಾನು ಎಣಿಸುವುದಿಲ್ಲ. ನಮ್ಮಲ್ಲಿಯೂ 1962ರಲ್ಲಿ ಠೇವಣಿ ವಿಮೆ ಬಂತು. 2020ರಲ್ಲಿ ಅದರ ಮಿತಿ 5 ಲಕ್ಷ ರೂಪಾಯಿಗೆ ಏರಿತು. ಪಿಂಚಣಿಯ ಹಣವನ್ನು ಬ್ಯಾಂಕಿನಲ್ಲಿಟ್ಟು ನಿದ್ರಿಸುವ ಹಿರಿಯ ನಾಗರಿಕನಿಗೆ ತನ್ನನ್ನು ಕಾಯುತ್ತಿರುವ ಅಧಿಕಾರಿಯ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮಾರ್ಗನ್‌ನ ಶೀಲದ ಬಗ್ಗೆ ನನಗೆ ಗೌರವವಿದೆ. ಆದರೆ ಒಬ್ಬನ ಶೀಲವನ್ನು ನೆಚ್ಚಿ ಇಡೀ ಊರು ಮಲಗಬೇಕಾದ ಕಾಲ ಮತ್ತೆ ಬರಬಾರದು.